ಕೊಲಂಬೊದಲ್ಲಿ ರಾಜಾತಿಯ ಚಾಪೆ

ಕತ್ತಲಿರುವಾಗಲೇ ಬೀದಿ ನಲ್ಲಿಯ ಸಾಲಿನಲ್ಲಿ ಕೊಡ ಇಡಬೇಕು. ಥಂಡಿ ಹಿಡಿದ ಸೌದೆಯನ್ನು ಊದಿ ಊದಿ ಒಲೆ ಹತ್ತಿಸಬೇಕು. ನೆನೆಹಾಕಿದ ಅಕ್ಕಿ ಅರೆದು ನೂಲಿಗೆ ಗಂಜಿ ಕಾಯಿಸಬೇಕು. ಅದು ಗಂಟಾಗದಂತೆ ಕದಡುತ್ತಲೇ ಪಕ್ಕದ ಒಲೆಯಲ್ಲಿ ಹೊಟ್ಟೆಗೆ ಬೇರೆ ಗಂಜಿ ಇಡಬೇಕು. ಆ ದಿನದ ನೇಯ್ಗೆಗೆ ಲಾಳಿಯೊಳಗಿಡುವ ನೂಲಿನ ಕಂಡಿಕೆಗಳನ್ನು ರಾಟೆಯಲ್ಲಿ ಸುತ್ತಿಡಬೇಕು. ಆಮೇಲೆ ಓಣಿಯುದ್ದಕ್ಕೂ ಹಾಸಿನ ನೂಲು ಎಳೆದು ಕಟ್ಟಿ, ಒಂದು ಕಡೆಯಿಂದ ಗಂಡ, ಇನ್ನೊಂದು ಕಡೆಯಿಂದ ರಾಜಾತಿ ಕುಂಚದಲ್ಲಿ ಗಂಜಿ ತೀಡಿ, ರಿಕ್ಷಾಗಳು ಬರುವ ಮೊದಲು ಎತ್ತಬೇಕು. ಇಷ್ಟಾದ ಮೇಲೆ ಸುಬ್ಬರಾಯನ್ ಮಗ್ಗದ ಗುಂಡಿಗೆ ಕಾಲಿಳಿಸಿ, "ಇನ್ನು ಕೆಲಸ ಶುರು ಮಾಡಾನ" ಎನ್ನುತ್ತಿದ್ದ.

ಸೇಲಂನ ಅಮ್ಮಾಪೇಟೆಯ ನೇಕಾರರ ಕೇರಿಯಿಂದ ರಾಜಾತಿ ಮತ್ತು ಅವಳ ಗಂಡ ಕೊಲಂಬೊಗೆ ಬಂದದ್ದು ೧೯೩೬ರಲ್ಲಿ. ಜವಳಿ ಅಂಗಡಿಯ ಮಾಲೀಕನೊಬ್ಬ, ಅಲ್ಲಿನವರ ಬಾಯಲ್ಲಿ ಮೊದಲಾಳಿ, ಮಗ್ಗ, ನೂಲು, ಒಂದು ಕೋಣೆ ಕೊಟ್ಟು ಕರೆಸಿಕೊಂಡಿದ್ದ.

ಸಂಜೆಯಾದರೆ ಸುಬ್ಬರಾಯನ್ ಊರು ನೋಡಲು ಹೊರಡುತ್ತಿದ್ದ. ಬಂದು ಹೇಳುತ್ತಿದ್ದ: "ಟ್ರಾಮ್ ಐತೆ, ಎತ್ತಿಲ್ಲ, ಕುದುರೆ ಇಲ್ಲ, ಮೇಲಿನ ತಂತಿ ಹಿಡ್ಕಂಡು ಓಡ್ತದೆ. ಸಮುದ್ರ ಅಂದ್ರೆ, ಮೆಟ್ಟೂರು ಅಣೆಕಟ್ಟೆ ನೀರಿಗೆ ಆಚೆ ದಡಾನೇ ಇಲ್ದಂಗೆ."

"ನನ್ನೂ ಒಂದಿನ ಕರ್ಕೊಂಡೋಗಿ."

"ಕಂಡಿಕೆ ಸುತ್ತಾಯ್ತಾ?"

ಧನುಷ್ಕೋಡಿಯಿಂದ ದಾಟುವಾಗ ವಾಂತಿ ಮಾಡುತ್ತಾ ಕಂಡಷ್ಟೇ ಅವಳ ಸಮುದ್ರ. ಅವಳು ಕಂಡ ಕೊಲಂಬೊದಲ್ಲಿ ಮಡಕೆಯ ಉಪ್ಪು ತಾನಾಗಿ ನೀರಾಗುತ್ತಿತ್ತು, ಒಗೆದ ಸೀರೆ ಮಾರನೆಯ ದಿನವೂ ಮೈಗೆ ಅಂಟುತ್ತಿತ್ತು. ಇಲ್ಲಿನ ಹೆಂಗಸರ ಸಿಂಹಳ ಮಾತು ಅವಳಿಗೆ ತಿಳಿಯದು. ನಲ್ಲಿಯ ಹತ್ತಿರ ಅವರು ನಗುತ್ತಿದ್ದರು, ಇವಳೂ ನಗುತ್ತಿದ್ದಳು, ಅಷ್ಟೆ.

ಅಮ್ಮಾಪೇಟೆಯಲ್ಲಿ ಮುಟ್ಟಾದ ಹೆಂಗಸು ಒಲೆ, ನೂಲು, ಮಗ್ಗ ಯಾವುದನ್ನೂ ಸೋಕುವಂತಿಲ್ಲ. ಹಿತ್ತಲ ಜಗಲಿಯಲ್ಲಿ ಅವಳಿಗೊಂದು ಚಾಪೆ. ಅತ್ತೆ ಗುಂಡಮ್ಮ ಗೊಣಗುತ್ತಾ ತಟ್ಟೆ ದೂಡುತ್ತಿದ್ದಳು, ಓರಗಿತ್ತಿಯರು ಕಂಡಿಕೆ ಸುತ್ತುತ್ತಿದ್ದರು. ತಿಂಗಳಲ್ಲಿ ರಾಜಾತಿಯ ಬೆನ್ನು ಹಗಲು ಹೊತ್ತು ನೆಲಕ್ಕೆ ತಾಗುತ್ತಿದ್ದುದು ಆ ಮೂರೇ ದಿನ.

ಕೊಲಂಬೊದಲ್ಲಿ ಮೊದಲ ಸಲ ಹಾಗಾದಾಗ ಅವಳು ಬಾಗಿಲಾಚೆ ಚಾಪೆ ಹಾಸಿದಳು. ಸುಬ್ಬರಾಯನ್ ಕುಂಚ ಹಿಡಿದು ನಿಂತುಬಿಟ್ಟ.

"ನೀ ಕೂತ್ರೆ ಗಂಜಿ ಯಾರು ಕಾಯ್ಸೋರು?"

"ನೀವೇ ಕಾಯ್ಸಿ. ಇಲ್ಲಿಂದ್ಲೇ ಹೇಳ್ಕೊಡ್ತೀನಿ."

"ಗಂಡಸು ಗಂಜಿ ಕಾಯ್ಸೋದಾ? ಎದ್ದೇಳೇ. ನೋಡಕ್ಕೆ ನಮ್ಮ ಜನ ಯಾರವ್ರೆ ಇಲ್ಲಿ?"

"ನಮ್ಮ ಕುಲದೇವಿ ಚೌಡಮ್ಮ ನೋಡಲ್ವಾ?"

"ಚೌಡಮ್ಮ ಕಪ್ಪಲ್ ಅತ್ತಿ ಸಮುದ್ರ ದಾಟಿ ಬತ್ತಾಳಾ?"

ಹೊಟ್ಟೆ ಹಿಡಿದುಕೊಂಡೇ ರಾಜಾತಿ ಎದ್ದಳು.

ಸೇಲಂನಲ್ಲಿ ನಸುಕಿನಲ್ಲಿ ತೀಡಿದ ಗಂಜಿ ಸೂರ್ಯ ಮೇಲೇರುವಷ್ಟರಲ್ಲಿ ಗರಿಗರಿ ಒಣಗುತ್ತಿತ್ತು. ಇಲ್ಲೂ ಹಾಗೆಯೇ ಎಂದು ಸುಬ್ಬರಾಯನ್ ಅದೇ ಹೊತ್ತಿಗೆ ಆ ದಿನದ ಹಾಸು ಸುತ್ತಿಟ್ಟ. ಆ ವಾರ ಕಡಲ ಗಾಳಿಯ ಜೊತೆ ಮಳೆಯೂ ಇತ್ತು. ಮೊದಲಾಳಿ ಬಂದು ಬಿಚ್ಚಿಸಿದಾಗ ನೂಲು ಒಂದಕ್ಕೊಂದು ಅಂಟಿ ಕಪ್ಪು ಬೂಷ್ಟು ಹಿಡಿದಿತ್ತು. ಅವನು ಮೂಸಿ ನೋಡಿ, ತಳ್ಳಿ ಹೇಳಿದ: "ಇನ್ನೊಂದು ಸಲ ಹೀಗಾದರೆ ಇಬ್ಬರೂ ಊರಿಗೆ."

ಅವನು ಹೋದ ಮೇಲೆ ಸುಬ್ಬರಾಯನ್ ಅಂದ: "ಹೊರಗಾದೋಳು ಕೈಯಿಟ್ರೆ ಇನ್ನೇನಾಯ್ತದೆ?"

"ಎಬ್ಸಿದ್ದು ಯಾರು?"

ಅವನು ಅಂಗಿ ತೊಟ್ಟು ಊರು ನೋಡಲು ಹೊರಟ.

ಮರುತಿಂಗಳು ಕತ್ತಲಲ್ಲಿ ಕೊಡ ಹೊತ್ತು ಬರುತ್ತಿದ್ದಾಗಲೇ ಮತ್ತೆ ಮುಟ್ಟಾದದ್ದು ಅವಳಿಗೆ ಗೊತ್ತಾಯಿತು. ಒಳಗೆ ಹೊಸ ನೂಲು ಕಾದಿತ್ತು. ಸುಬ್ಬರಾಯನ್ ಇನ್ನೂ ಎದ್ದಿರಲಿಲ್ಲ. ಹೇಳದೆ ಕೈಯಿಟ್ಟು, ಮತ್ತೆ ಬೂಷ್ಟು ಹಿಡಿದರೆ ತಪ್ಪು ಅವಳದೇ. ಕೂತರೆ ಹಾಸು ನಿಲ್ಲುತ್ತದೆ, ಆಗಲೂ ಅವಳದೇ. ನೆನೆದ ಅಕ್ಕಿ ಮಧ್ಯಾಹ್ನದೊಳಗೆ ಹುಳಿಯುತ್ತದೆ. ಕೇಳೋಣವೆಂದರೆ ಓರಗಿತ್ತಿಯರಿಲ್ಲ, ಗೊಣಗುವುದಕ್ಕೆ ಗುಂಡಮ್ಮನೂ ಇಲ್ಲ.

ಕೊಡವನ್ನು ಹೊಸ್ತಿಲಾಚೆಯೇ ಇಳಿಸಿದಳು.

ಒಳಗಿನಿಂದ ನಿದ್ದೆಗಣ್ಣಿನ ದನಿ ಬಂತು: "ಲೇ, ಗಂಜಿ ಕುದೀತಾ?"

ರಾಜಾತಿ ಚಾಪೆ ಬಿಡಿಸಿ, ಬಾಗಿಲಿಗೆ ಬೆನ್ನು ಮಾಡಿ ಮಲಗಿದಳು.