ರೇಡಿಯೇಟರಿನ ಅರಿಶಿಣ

ಶಿಕಾರಿಪುರದಾಗೆ ನನ್ನ ಗ್ಯಾರೇಜಿಗೆ ಬರೋರು ನನ್ನ ಮಾತು ಅರ್ಧ ನಂಬ್ತಾರೆ, ಇನ್ನರ್ಧಕ್ಕೆ ನಗ್ತಾರೆ. ಒಬ್ಬ ಲಾರಿ ಡ್ರೈವರಿಗೆ, "ಹಾರ್ನಿಗೆ ಸಿಟ್ಟು ಬಂದೈತೆ, ಕೈಮುಗಿದು ಕೇಳ್ಕೋ" ಅಂದಿದ್ದೆ. ಅವ್ನು ಭಕ್ತಿಯಿಂದ ಕಣ್ಣು ಮುಚ್ಚಿದಾಗ ನಾನು ಸುಮ್ನೆ ವೈರ್ ಸಿಗಿಸಿದೆ. ಪೋಂ ಅಂತು. ಈಗ್ಲೂ ಲಾರಿ ಹೊರಡಿಸೋ ಮುಂಚೆ ಹಾರ್ನಿಗೆ ಕೈಮುಗೀತಾನಂತೆ. ಈ ವಿದ್ಯೆದಾಗೆ ನನ್ನ ಸಮಕ್ಕೆ ನಿಲ್ಲೋನು ಇನ್ನೂ ಹುಟ್ಟಿಲ್ಲ ಬಿಡ್ರಿ.

ಜಡೆ ಊರಿನ ಕಡೆಯ ಬಾಡಿಗೆ ಕಾರಿನವ್ನು ಬಂದ ದಿನ ಮಾತ್ರ ನನ್ನ ತಮಾಷೆ ನಡೀಲಿಲ್ಲ. ಹಳೇ ಕಾರನ್ನ ಟ್ರಾಕ್ಟರಿಗೆ ಹಗ್ಗ ಕಟ್ಟಿ ಎಳಿಸ್ಕಂಡು ಬಂದಿದ್ದ. ತಲೆ ಬೋಳಿಸಿದ್ದ. ಅವನ ಅಣ್ಣಗೆ ಎದೆನೋವು ಬಂದು, ಹಿಂದಿನ ಸೀಟಲ್ಲಿ ಅತ್ತಿಗೆ ತೊಡೆ ಮೇಲೆ ಮಲಗಿಸ್ಕಂಡು ಸೊರಬದ ಆಸ್ಪತ್ರೆಗೆ ಹೊರಟಿದ್ದನಂತೆ. ಹೀಟಿನ ಮುಳ್ಳು ಕೆಂಪಿಗೆ ಹೋದ್ರೂ ನಿಲ್ಲಿಸ್ಲಿಲ್ಲ. ಹ್ಯಾಗೆ ನಿಲ್ಲಿಸ್ತಾನೆ? ಸೊರಬ ಇನ್ನೂ ದೂರ ಇದ್ದಾಗ ಎಂಜಿನ್ ಹಿಡ್ಕಂತು, ಕಾರು ಅಲ್ಲೇ ನಿಂತ್ಬಿಡ್ತು. ಫೋನ್ ಮಾಡಿ ಕರೆದ ಗಾಡಿ ಬರೋವಷ್ಟರಲ್ಲಿ ಅಣ್ಣ ಹೋಗಿದ್ದ.

"ಉಪಯೋಗಕ್ಕೆ ಬರೋ ಸಾಮಾನು ತೆಗೀರಿ ಅಜ್ಜಾರ. ಯಾಕೆ ಹಿಡ್ಕಂತು ಅಂತನೂ ನೋಡ್ರಿ. ಅತ್ತಿಗೆ ದಿನಾ ಕೇಳ್ತಾಳೆ, ನಿನ್ ಕಾರು ಯಾಕೆ ನಿಂತಿತು ಅಂತ. ಊಟಕ್ಕೆ ಕೂತ್ರೂ ಅದೇ ಮಾತು."

ಸೆಲ್ಫ್ ಮೋಟರು, ಡೈನಮೋ, ಕಾರ್ಬರೇಟರು ಸಲೀಸಾಗಿ ಬಂದ್ವು. ಪ್ಲಗ್ಗಿನ ತೂತಿಗೆ ಡೀಸೆಲ್ ಸುರಿದು ನೆನೆಯಾಕಿದೆ. ಸ್ಪಾನರಿಗೆ ಉದ್ದದ ಪೈಪು ಸಿಗಿಸಿ ಜೋತುಬಿದ್ರೂ ಕ್ರ್ಯಾಂಕು ಅಲುಗ್ಲಿಲ್ಲ. ಎಂಜಿನ್ನಿನ ಹೆಡ್ ಎತ್ತಿ ನೋಡಿದ್ರೆ ಪಿಸ್ಟನ್ನು ಕರಗಿ ಬೋರಿನ ಗೋಡೆಗೆ ಅಂಟ್ಕಂಡಿತ್ತು. ಕ್ಯಾಮ್ ಶಾಫ್ಟು, ವಾಲ್ವು ಉಳಿದ್ವು. ಬ್ಲಾಕು ಗುಜರಿಗೇ.

ರೇಡಿಯೇಟರಿನ ಪೈಪು ಕಿತ್ತಾಗ ಒಳಗೆ ಕೆಸರು ಗಟ್ಟಿಯಾಗಿ ಕೂತಿತ್ತು. ಬಿಸಿನೀರು ಬಿಟ್ಟು ಕೆದಕಿದೆ. ಹಳದಿ ಇಳೀತು. ಅರಿಶಿಣ. ರೇಡಿಯೇಟರು ಸೋರಿದ್ರೆ ನಮ್ಮ ಕಡೆ ಹಳೇ ಡ್ರೈವರುಗಳು ಒಂದು ಚಮಚ ಅರಿಶಿಣ ಹಾಕ್ತಾರೆ, ಸಣ್ಣ ತೂತು ಮುಚ್ಕಳ್ತದೆ. ಇವ್ನು ಕೈ ಬಿಚ್ಚಿ ಹಾಕಿದ್ದ. ಸೋರೋದೂ ನಿಂತಿತ್ತು, ಒಳಗೆ ನೀರಿನ ಓಡಾಟನೂ ನಿಂತಿತ್ತು.

ಅವ್ನು ವಾಪಸ್ ಬಂದಾಗ ಗುಜರಿ ರಾಶಿಯಿಂದ ಎಂಜಿನ್ನಿಗೆ ನೀರು ಓಡಿಸೋ, ರೆಕ್ಕೆ ಮುರಿದ ಒಂದು ವಾಟರ್ ಪಂಪ್ ತೆಗೆದು ಮುಂದಿಟ್ಟೆ. ಅವನ ಕಾರಿನ ಪಂಪನ್ನ ಗೋಣಿಚೀಲದ ಕೆಳಗೆ ತಳ್ಳಿದ್ದೆ.

"ಇದು ನೋಡು ನಿನ್ ಕಾರಿಂದು. ಯಾವಾಗ ಮುರೀತದೆ ಅಂತ ಯಾರಿಗೂ ಗೊತ್ತಾಗಲ್ಲ. ನಿಂದೇನೂ ತಪ್ಪಿಲ್ಲ ಮಾರಾಯ."

ಅವ್ನು ಪಂಪು ನೋಡ್ಲಿಲ್ಲ. ಹಳದಿ ಹತ್ತಿದ ನನ್ನ ಉಗುರು ನೋಡ್ದ.

"ಯಾರ ಮದುವೆರೀ ಅಜ್ಜಾರ?"

"ನಂದೇ. ಹಲ್ಲಿಲ್ಲದ ಗಂಡೇ ಬೇಕು ಅಂತ ಒಬ್ಳು ಹಟ ಹಿಡಿದಾಳೆ."

ಅವ್ನು ನಗ್ಲಿಲ್ಲ.

"ಪೂರ್ತಿ ಪ್ಯಾಕೆಟ್ ಸುರಿದಿದ್ದೆ" ಅಂದ. "ಸ್ವಲ್ಪ ಸಾಕೋ ಅಂತ ಅಣ್ಣನೇ ಅಂದಿದ್ದ."

ಆಮೇಲೆ ಮುರಿದ ಪಂಪನ್ನ ಟವೆಲ್ಲಿನಾಗೆ ಸುತ್ಕಂಡ. "ಅತ್ತಿಗೆಗೆ ಇದನ್ನೇ ತೋರಿಸ್ತೀನಿ. ಅವಳು ಬಂದು ಕೇಳಿದ್ರೆ ನೀವೂ ಇದನ್ನೇ ಹೇಳ್ಬೇಕು."

ಅವಳು ಬಂದೇಬಿಟ್ಲು, ಬಸ್ಸಲ್ಲಿ, ಒಬ್ಳೇ. ಕೈಚೀಲದಿಂದ ಪಂಪು ತೆಗೆದು ನನ್ನ ಮುಂದಿಟ್ಲು.

"ಇದೇನಾ?"

"ಹೌದು ತಾಯಿ."

"ನೀವು ಬರೀ ತಮಾಷೆ ಮಾಡ್ತೀರಿ ಅಂತ ಬಸ್ಸಲ್ಲಿ ಹೇಳಿದ್ರು."

"ಮಾಡ್ತೀನಿ. ಇದು ತಮಾಷೆ ಅಲ್ಲ."

ನನ್ನ ಮುಖ ಬಹಳ ಹೊತ್ತು ನೋಡಿದ್ಲು. ಮೈಮೇಲೆ ಸೀರೆ ಸೆರಗು ಎಳ್ಕಂಡು, ಪಂಪನ್ನ ಮತ್ತೆ ಚೀಲಕ್ಕೆ ಹಾಕಿ, ಸೊರಬದ ಬಸ್ಸು ಹಿಡಿಯೋಕೆ ಹೋದ್ಲು.

ಸೆಲ್ಫು, ಡೈನಮೋ ಬೇರೆ ಕಾರುಗಳಿಗೆ ಕೂತು ಓಡ್ತಿದಾವೆ. ಅವನ ಕಾರಿನ ಪಂಪು ಮಾತ್ರ ಗೋಣಿಚೀಲದ ಕೆಳಗೇ ಐತೆ. ಬೆರಳಲ್ಲಿ ತಿರುಗಿಸಿದ್ರೆ ಸದ್ದಿಲ್ಲದೆ ತಿರುಗ್ತದೆ. ಇಂಥದ್ದೇ ಬೇಕು ಅಂತ ಎಷ್ಟೋ ಜನ ಬಂದ್ರು. ಇಲ್ಲ ಅಂತ ಕಳಿಸಿದೀನಿ.