ಹೋಟೆಲಿನಲ್ಲಿ ಹಸಿದು ಕೂತ ಅಜ್ಜಿ

ನಮ್ಮಪ್ಪ ಕದಿರಪ್ಪನವರ ಕಸುಬು ಹೊಲಿಗೆ ಮಿಷನ್ನು ರಿಪೇರಿ. ಆದರೆ ಅವರನ್ನು ಹುಡುಕಿಕೊಂಡು ಬರುತ್ತಿದ್ದವರಲ್ಲಿ ಅರ್ಧ ಜನರ ಮನೆಯಲ್ಲಿ ಮಿಷನ್ನೇ ಇರಲಿಲ್ಲ. ಮಕ್ಕಳನ್ನು ಕಟ್ಟಿಕೊಂಡು ಪ್ರಯಾಣ ಹೊರಟವರು ಬಂದು, ಮಾಲೂರಿನಲ್ಲಿ ಎಲ್ಲಿ ತಿಂಡಿ ತಿನ್ನಿಸಬಹುದು, ಶ್ರೀನಿವಾಸಪುರದಲ್ಲಿ ಯಾವ ಹೋಟೆಲು ವಾಸಿ ಎಂದು ಕೇಳುತ್ತಿದ್ದರು. ಅಪ್ಪ ಎಣ್ಣೆ ಕೈ ಒರೆಸಿಕೊಂಡು, ಮಗುವಿಗೆ ಎಷ್ಟು ವರ್ಷ, ಖಾರ ತಿನ್ನುತ್ತದೆಯೇ, ಓಡಾಡುವ ಮಗುವೋ ಕೂತಲ್ಲೇ ಕೂರುವ ಮಗುವೋ ಎಂದು ವೈದ್ಯರ ಹಾಗೆ ವಿಚಾರಿಸಿ ಆಮೇಲೆ ಹೇಳುತ್ತಿದ್ದರು. ಕೊನೆಗೆ ಇನ್ನೊಂದು ಪ್ರಶ್ನೆ ಇದ್ದೇ ಇರುತ್ತಿತ್ತು: ಅತ್ತೆಯವರೂ ಜೊತೆಗೆ ಬರುತ್ತಾರೆಯೇ? ಬರುತ್ತಾರೆ ಎಂದರೆ ಬೇರೆ ಮಾತೇ ಇಲ್ಲ, ಮುಳಬಾಗಿಲಿನ ಗಂಗುಲಪ್ಪನ ಹೋಟೆಲು. ಯಾಕೆ ಎಂದು ಕೇಳಿದರೆ ನಾಚಿಕೊಂಡು ಮಿಷನ್ನಿನ ಕಡೆ ತಿರುಗುತ್ತಿದ್ದರು. ನನಗೆ ಆ ನಾಚಿಕೆಯಿಲ್ಲ, ಹೇಳುತ್ತೇನೆ.

ಅಮ್ಮ ತೀರಿಕೊಂಡಾಗ ನನಗೆ ನಾಲ್ಕು ವರ್ಷ, ತಂಗಿ ಅಂಜಮ್ಮನಿಗೆ, ನಮ್ಮ ಅಂಜಿಗೆ, ಒಂದು. ಕೋಲಾರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಅಪ್ಪನ ಗಿರಾಕಿಗಳೆಲ್ಲ ಟೈಲರುಗಳು, ನಾಲ್ಕು ತಾಲ್ಲೂಕುಗಳಲ್ಲಿ ಹರಡಿಕೊಂಡಿದ್ದರು. ಮನೆಯಲ್ಲಿ ಕೂತರೆ ಹೊಟ್ಟೆ ತುಂಬುವ ಕೆಲಸವಲ್ಲ ಅದು. ಒಂದು ವಾರ ಪಕ್ಕದ ಮನೆಯವರ ಹತ್ತಿರ ನಮ್ಮನ್ನು ಬಿಟ್ಟು ನೋಡಿದರು. ಅಂಜಿ ಮೂರು ದಿನ ಅನ್ನ ಮುಟ್ಟಲಿಲ್ಲ. ನಾಲ್ಕನೆಯ ದಿನ ಅಪ್ಪ ಅವಳನ್ನು ಸೊಂಟಕ್ಕೇರಿಸಿ, ಇನ್ನೊಂದು ಕೈಯಲ್ಲಿ ಸಾಮಾನಿನ ಪೆಟ್ಟಿಗೆ ಹಿಡಿದು, ತಮ್ಮ ಅಂಗಿಯ ತುದಿಯನ್ನು ನನ್ನ ಕೈಗೆ ಕೊಟ್ಟು ಹೊರಟರು. ಹಾಗೆ ಎರಡು ವರ್ಷ ತಿರುಗಿದೆವು. ಸೋಮವಾರ ಮಾಲೂರು, ಬುಧವಾರ ಪುಟ್ಟ ರೈಲಿನಲ್ಲಿ ಶ್ರೀನಿವಾಸಪುರ, ಗುರುವಾರ ಬಸ್ಸಿನಲ್ಲಿ ಮುಳಬಾಗಿಲು. ಮಧ್ಯಾಹ್ನದ ಊಟ ತಿಂಡಿ ಎಲ್ಲ ಹೋಟೆಲಿನಲ್ಲೇ.

ಆಗ ಹೋಟೆಲು ಎಂದರೆ ಗಂಡಸರ ಜಾಗ. ಕಚೇರಿಗೆ ಬಂದವರು, ಸಂತೆಗೆ ಬಂದವರು ಬೀಡಿ ಹೊಗೆಯ ಮಧ್ಯೆ ಕಾಫಿ ಕುಡಿದು ಎದ್ದು ಹೋಗುವ ಜಾಗ. ಅಲ್ಲಿಗೆ ಎರಡು ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋದರೆ ಮಾಲೀಕನ ಮುಖ ಹುಳ್ಳಗಾಗುತ್ತಿತ್ತು. ಹಾಗಾಗಿ ಅಪ್ಪ ಹೋಟೆಲುಗಳನ್ನು ಪರೀಕ್ಷೆ ಮಾಡುವುದು ಕಲಿತರು. ಜಾತಿ ಕೇಳಿ ಹೊರಗಿನ ಜಗಲಿಯಲ್ಲಿ ಕೂರಿಸುವ ಹೋಟೆಲಿಗೆ, ಅಮೃತವನ್ನೇ ಬಡಿಸಿದರೂ ಎರಡನೆಯ ಸಲ ಕಾಲಿಡುತ್ತಿರಲಿಲ್ಲ. ಬಾಗಿಲಲ್ಲೇ ಬಾಣಲೆ ಇಟ್ಟುಕೊಂಡು ಬೋಂಡಾ ಕರಿಯುವ ಹೋಟೆಲೂ ಬೇಡ, ಎಣ್ಣೆ ಸಿಡಿಯುತ್ತದೆ. ಹಿತ್ತಲಲ್ಲಿ ಬಾವಿಗೆ ಕಟ್ಟೆಯಿಲ್ಲದ್ದೂ ಬೇಡ, ಯಾಕೆಂದರೆ ಅಂಜಿಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಇದೆಲ್ಲ ದಾಟಿದ ಮೇಲೆ ಕೊನೆಯ ಪರೀಕ್ಷೆ. ನಮ್ಮನ್ನು ಬೆಂಚಿನ ಮೇಲೆ ಕೂರಿಸಿ, ಅಪ್ಪ ಏನೂ ಅರಿಯದವರ ಹಾಗೆ ಮೊಣಕೈಯಿಂದ ನೀರಿನ ಲೋಟವನ್ನು ಉರುಳಿಸುತ್ತಿದ್ದರು. ಮಾಲೀಕ ಗದರಿದರೆ ತಾವೇ ಒರೆಸಿ, ನಮ್ಮನ್ನು ಎಬ್ಬಿಸಿಕೊಂಡು ಹೊರಡುತ್ತಿದ್ದರು. ಏನೂ ಅನ್ನದೆ ಬಟ್ಟೆ ತಂದರೆ ಆ ಹೋಟೆಲು ಪಾಸು. ಮಕ್ಕಳು ಇವತ್ತಲ್ಲ ನಾಳೆ ನೀರು ಚೆಲ್ಲುತ್ತಾರೆ, ಆ ದಿನ ಏನಾಗುತ್ತದೆ ಎಂದು ಇವತ್ತೇ ತಿಳಿಯಬೇಕು ಎಂಬುದು ಅವರ ವಾದ. ನಾಲ್ಕು ತಾಲ್ಲೂಕಿನಲ್ಲಿ ಎಷ್ಟು ಲೋಟ ಉರುಳಿಸಿದ್ದರೋ ದೇವರಿಗೇ ಗೊತ್ತು.

ಲಕ್ಕೂರಿನಲ್ಲಿದ್ದ ನಮ್ಮಜ್ಜಿ, ಅಮ್ಮನ ತಾಯಿ ಮುನಿಯಲ್ಲಮ್ಮನಿಗೆ ಈ ತಿರುಗಾಟ ಕಿಂಚಿತ್ತೂ ಹಿಡಿಸಿರಲಿಲ್ಲ. ಮೊಮ್ಮಕ್ಕಳು ಹೋಟೆಲು ಹೋಟೆಲು ಅಲೆದು ಬೆಳೆಯುವುದೇ? ನಲವತ್ತೆರಡನೆಯ ಇಸವಿಯ ಬೇಸಿಗೆಯಲ್ಲಿ ಅವಳು ಮಾಲೂರಿಗೆ ಬಂದು ನಮ್ಮನ್ನು ಹಿಡಿದೇ ಹಿಡಿದಳು. ತಾನೂ ಒಂದು ವಾರ ಜೊತೆಗೆ ಬಂದು ನೋಡುವುದಾಗಿಯೂ, ಮನಸ್ಸಿಗೆ ಬಾರದಿದ್ದರೆ ಶುಕ್ರವಾರ ನಮ್ಮ ಬಟ್ಟೆ ಗಂಟು ಕಟ್ಟಿ ಲಕ್ಕೂರಿಗೆ ಕರೆದೊಯ್ಯುವುದಾಗಿಯೂ ಹೇಳಿದಳು. ಅಪ್ಪನಿಗಲ್ಲ, ನನಗೆ. ಅಪ್ಪ ಎರಡು ಮಾರು ದೂರದಲ್ಲೇ ನಿಂತಿದ್ದರು. ನಾನು ಅವರ ಕಡೆ ತಿರುಗಿ ಅದನ್ನೇ ಇನ್ನೊಮ್ಮೆ ಒಪ್ಪಿಸಿದೆ.

ನಮ್ಮ ಕಡೆ ಅತ್ತೆಯಾದವಳು ಅಳಿಯನ ಎದುರು ಕೂರುತ್ತಿರಲಿಲ್ಲ, ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಬಾಗಿಲ ಮರೆಯಲ್ಲಿ ನಿಂತು ಮಕ್ಕಳ ಬಾಯಲ್ಲಿ ಹೇಳಿಸುವುದು ಪದ್ಧತಿ. ಅಜ್ಜಿಯಂತೂ ಅದರಲ್ಲಿ ಬಹಳ ಕಟ್ಟುನಿಟ್ಟು. ಆರು ವರ್ಷದ ನಾನು ಇಬ್ಬರ ನಡುವೆ ಅಂಚೆ ಪೇದೆಯಾದೆ. ಹೇಳಬೇಕಾದ ಮಾತಿಗೆ ನನ್ನದೂ ಒಂದೆರಡು ಸೇರಿಸುತ್ತಿದ್ದೆ ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ.

ಹೆಂಡತಿ ಹೋಗಿದ್ದಳು, ಈಗ ಮಕ್ಕಳೂ ಹೋದರೆ ಕೋಲಾರದ ಆ ಎರಡು ಕೋಣೆಯಲ್ಲಿ ಅಪ್ಪನಿಗೆ ಏನು ಉಳಿಯುತ್ತದೆ? ಮೊದಲು ಮಾಲೂರಿನ ಸೊಣ್ಣಪ್ಪನ ಹೋಟೆಲಿಗೆ ಕರೆದುಕೊಂಡು ಹೋದರು. ಸೊಣ್ಣಪ್ಪ ಮಕ್ಕಳಿಗೆಂದು ಇಡ್ಲಿಯ ಬಿಸಿ ಆರಿಸಿ, ತುಪ್ಪ ಹಾಕಿ ಕೊಡುವ ಮನುಷ್ಯ. ನಾವಿಬ್ಬರೂ ಚಪ್ಪರಿಸಿಕೊಂಡು ತಿಂದೆವು. ಅಜ್ಜಿ ಸೆರಗು ಮುಖದವರೆಗೆ ಎಳೆದುಕೊಂಡು ಗೋಡೆಗೆ ತಿರುಗಿ ಕೂತಿದ್ದಳು. ಅವಳ ಎಲೆಯ ಮೇಲಿನ ಇಡ್ಲಿ ಹಾಗೇ ಇತ್ತು. ಹಸಿವಿಲ್ಲವಂತೆ ಎಂದು ನಾನು ಅಪ್ಪನಿಗೆ ತಿಳಿಸಿದೆ. ಅಪ್ಪ ತಾವೂ ತಿನ್ನದೆ, ಅತ್ತೆ ತಿನ್ನಲಿ ಎಂದು ಅಲ್ಲೇ ಕೈಕಟ್ಟಿಕೊಂಡು ನಿಂತೇ ಇದ್ದರು.

ಆ ಸಂಜೆ ಕೋಲಾರದ ಮನೆಯಲ್ಲಿ ಅಪ್ಪ ಉಂಡು ಜಗಲಿಗೆ ಹೋದ ಮೇಲೆ, ಅಜ್ಜಿ ಅಡುಗೆಮನೆಯಲ್ಲಿ ಕೂತು ಎರಡು ಮುದ್ದೆ ಸಾರು ಗಡದ್ದಾಗಿ ಉಂಡಳು. ಅದನ್ನು ನೋಡಿ ನಾನು ಅಪ್ಪನಿಗೆ ಚಾಡಿ ಹೇಳಿದೆ. ಅಪ್ಪ ಮುಖ ಸಣ್ಣ ಮಾಡಿಕೊಂಡರು. ಅವರಿಗೆ ಅರ್ಥವಾಗಿದ್ದು ಒಂದೇ: ಅತ್ತೆಗೆ ಹಸಿವಿತ್ತು, ಹೋಟೆಲಿನ ತಿಂಡಿ ಮಾತ್ರ ಸೇರಲಿಲ್ಲ.

ಬುಧವಾರ ಶ್ರೀನಿವಾಸಪುರ. ಅಲ್ಲಿ ಸ್ಟೇಷನ್ನಿನ ಹತ್ತಿರದ ಹೋಟೆಲಿನ ಮುದುಕ ತೆಲುಗಿನಲ್ಲಿ ನಮ್ಮನ್ನು ಮುದ್ದು ಮಾಡುತ್ತ, ಉಪ್ಪಿಟ್ಟಿನ ಜೊತೆ ಮಾವಿನ ಹಣ್ಣನ್ನು ಹೆಚ್ಚಿ ಕೊಡುತ್ತಿದ್ದ. ಅಪ್ಪ ಎಂದಿನ ಹಾಗೆ ಲೋಟ ಉರುಳಿಸಿ, ಮುದುಕ ನಗುತ್ತ ಒರೆಸುವುದನ್ನು ಅತ್ತೆ ನೋಡಲಿ ಎಂದು ಜೋರಾಗಿ ಕೆಮ್ಮಿದರು. ಅಜ್ಜಿ ಸೆರಗಿನ ಸಂದಿಯಿಂದ ನೋಡಿದಳು. ತಿನ್ನಲಿಲ್ಲ. ಅಪ್ಪ ಪಕ್ಕದಲ್ಲಿ ಕಾವಲು ನಿಂತರು. ಗಂಡಸರು ಬಂದು ಹೋಗುವ ಜಾಗದಲ್ಲಿ ಅತ್ತೆಯನ್ನು ಒಂಟಿಯಾಗಿ ಬಿಟ್ಟು ಹೊರಗೆ ಹೋಗುವುದು ಅಳಿಯನಿಗೆ ತಕ್ಕ ನಡತೆಯೇ?

ಗುರುವಾರ ಉಳಿದಿದ್ದು ಮುಳಬಾಗಿಲು ಒಂದೇ. ಯುದ್ಧದ ಕಾಲ, ಪೆಟ್ರೋಲಿಲ್ಲ, ಬಸ್ಸಿಗೆ ಇದ್ದಿಲಿನ ಒಲೆ ಕಟ್ಟಿದ್ದರು. ದೇವರಾಯಸಮುದ್ರದ ಕೆರೆ ದಾಟುವ ಹೊತ್ತಿಗೆ ಅದು ಆರಿಹೋಯಿತು. ಎಲ್ಲರನ್ನೂ ಇಳಿಸಿ ಒಲೆ ಊದಲು ಕೂತರು. ಆಗ ಅಜ್ಜಿ ಹುಣಿಸೆ ಮರದ ಹಿಂದೆ ಹೋದಳು. ಅಂಜಿ ಹಿಂದೆಯೇ ಓಡಿದಳು. ಸ್ವಲ್ಪ ಹೊತ್ತಿಗೆ ಇಬ್ಬರೂ ವಾಪಸು ಬಂದಾಗ ಅಂಜಿಯ ಕೆನ್ನೆಯ ಮೇಲೆ ಒಂದು ಕಡಲೆಪುರಿ ಅಂಟಿಕೊಂಡಿತ್ತು. ಯಾರೂ ಅದರ ಗೋಜಿಗೆ ಹೋಗಲಿಲ್ಲ.

ಮುಳಬಾಗಿಲು ತಲುಪಿದಾಗ ಮಧ್ಯಾಹ್ನ ಮೂರು ಗಂಟೆ. ಗಂಗುಲಪ್ಪನ ಹೋಟೆಲು ಅಪ್ಪನ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿನದು. ಅಂಗೈ ಅಗಲದ ಮಕ್ಕಳ ದೋಸೆ, ಅದಕ್ಕೆ ಬೆಣ್ಣೆ, ಖಾರವಿಲ್ಲದ ಚಟ್ನಿ, ತಿಂದ ಮೇಲೆ ಮಕ್ಕಳು ಮಲಗಲು ಒಂದು ಚಾಪೆ ಬೇರೆ. ಪಕ್ಕದ ಅಂಗಡಿ ಅಪ್ಪನ ಹಳೆಯ ಗಿರಾಕಿ ಟೈಲರ್ ಸತ್ತಾರ್ ಅವರದು. ಅಂಗಡಿಯ ಹಿಂದೆಯೇ ಅವರ ಮನೆ, ನಡುವೆ ಹಸಿರು ಬಟ್ಟೆಯ ಒಂದು ಪರದೆ. ಅವರ ಹೆಂಡತಿ ಸಯೀದಾ ಆ ಪರದೆಯ ಹಿಂದೆ ಕೂತು ಗುಂಡಿ ಹಾಕುತ್ತಿದ್ದರು.

ದೋಸೆ ಬಂತು. ಅಜ್ಜಿ ಗೋಡೆಗೆ ತಿರುಗಿದಳು. ಅವಳ ದೋಸೆಯ ಬೆಣ್ಣೆ ಕರಗಿ ಎಲೆಯ ಮೇಲೆ ಹರಿಯಿತು. ಅಪ್ಪ ನನ್ನ ಬಾಯಲ್ಲಿ ಎರಡು ಸಲ ಕೇಳಿಸಿದರು. ಎರಡು ಸಲವೂ ಹಸಿವಿಲ್ಲ. ಅಷ್ಟರಲ್ಲಿ ಅಂಜಿ ಬಾಯಿ ತುಂಬ ದೋಸೆ ಇಟ್ಟುಕೊಂಡು, ಅಜ್ಜಿ ಸೆರಗಲ್ಲಿ ಪುರಿ ಕಟ್ಟಿಕೊಂಡಿದ್ದಾಳೆ, ಮರದ ಹಿಂದೆ ತಿಂದಳು, ನನಗೂ ಕೊಟ್ಟಳು ಎಂದು ಇಡೀ ಹೋಟೆಲಿಗೆ ಕೇಳುವ ಹಾಗೆ ಸಾರಿಬಿಟ್ಟಳು.

ಅಪ್ಪನಿಗೆ ಕಣ್ಣಲ್ಲಿ ನೀರು ಬಂತು. ತಾವು ಆರಿಸಿದ ಹೋಟೆಲಿನ ದೋಸೆಗಿಂತ ಒಣ ಪುರಿಯೇ ಮೇಲಾಯಿತಲ್ಲ! ಒಂದು ಕಾಲು ಹೋಟೆಲಿನ ಹೊಸ್ತಿಲ ಒಳಗೆ, ಒಂದು ಕಾಲು ಹೊರಗೆ ಇಟ್ಟುಕೊಂಡು ಸತ್ತಾರ್ ಅವರಿಗೆ ತಮ್ಮ ಗೋಳು ಹೇಳಿಕೊಂಡರು. ಮಾಲೂರಿನಲ್ಲಿ ತಿನ್ನಲಿಲ್ಲ, ಶ್ರೀನಿವಾಸಪುರದಲ್ಲಿ ತಿನ್ನಲಿಲ್ಲ, ಇಲ್ಲೂ ಇಲ್ಲ, ನಾಳೆ ಮಕ್ಕಳು ಲಕ್ಕೂರಿಗೆ ಹೋಗುತ್ತವೆ. ಸತ್ತಾರ್ ಪಾಪ, ಕತ್ತರಿ ಹಿಡಿದುಕೊಂಡು ಲೊಚಗುಟ್ಟಿದರು. ಪರದೆಯ ಹಿಂದಿನಿಂದ ಸಯೀದಾ ನಗುವುದು ಕೇಳಿಸಿತು.

"ಕದಿರಪ್ಪ ಭಾಯಿ, ನೀವು ಎದುರಿಗೆ ನಿಂತ್ಕೊಂಡು ನೋಡ್ತಾ ಇದ್ರೆ ಅವರು ಹೆಂಗೆ ತಿಂತಾರೆ? ಅಳಿಯ ಅಲ್ವಾ ನೀವು? ಮೂರು ಊರಲ್ಲೂ ಆಯಮ್ಮನ್ನ ಉಪವಾಸ ಕೆಡವಿದೀರಲ್ಲ."

ಮನೆಯಲ್ಲಾಗಿದ್ದರೆ ಅಪ್ಪನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಹೋಟೆಲು ಎಂದರೆ ಯಾರು ಬೇಕಾದರೂ ಯಾರ ಎದುರಾದರೂ ತಿನ್ನುವ ಜಾಗ. ಮನೆಯ ಪದ್ಧತಿ ಅತ್ತೆಯ ಸೆರಗು ಹಿಡಿದು ಅಲ್ಲಿಗೂ ಬರುತ್ತದೆಂದು ಹೊಳೆದೇ ಇರಲಿಲ್ಲ. ಎರಡು ವರ್ಷ ಮಕ್ಕಳ ಕಣ್ಣಿಂದ ಹೋಟೆಲು ನೋಡಿ ನೋಡಿ, ದೊಡ್ಡವರೂ ಅಲ್ಲಿ ಕೂರಬೇಕೆಂಬುದೇ ಮರೆತುಹೋಗಿತ್ತು. ಅಪ್ಪ ಇದ್ದಷ್ಟು ಹೊತ್ತು ಅಜ್ಜಿ ತಿನ್ನುವ ಹಾಗಿರಲಿಲ್ಲ, ಅಜ್ಜಿ ತಿನ್ನುವ ತನಕ ಅಪ್ಪ ಹೋಗುವ ಹಾಗಿರಲಿಲ್ಲ. ಮರ್ಯಾದೆಯೇ ಇಬ್ಬರನ್ನೂ ಹಸಿವಿನಲ್ಲಿ ಕೂರಿಸಿತ್ತು.

ಸಯೀದಾ ಇನ್ನು ಮಾತು ಬೆಳೆಸಲಿಲ್ಲ. ಪರದೆಯನ್ನು ಒಳಗಿನಿಂದಲೇ ಬಿಚ್ಚಿ, ಬಾಗಿಲ ಸಂದಿಯಿಂದ ಗಂಡನ ಕಡೆಗೆ ತಳ್ಳಿದರು. ಸತ್ತಾರ್ ಮತ್ತು ಗಂಗುಲಪ್ಪ ಸೇರಿ ಅದನ್ನು ಹೋಟೆಲಿನ ಕಂಬಕ್ಕೂ ಕಿಟಕಿಯ ಸರಳಿಗೂ ಕಟ್ಟಿದರು. ಆಚೆ ಅಜ್ಜಿ ಮತ್ತು ಅಂಜಿ, ಈಚೆ ಅಪ್ಪ. ನಾನು ಎರಡೂ ಕಡೆ. ಗಂಗುಲಪ್ಪ ಬಿಸಿ ದೋಸೆ ಹೊಯ್ದು ಕಳಿಸಿದರು. ಅಜ್ಜಿ ಒಂದು ತಿಂದಳು, ಎರಡು ತಿಂದಳು, ಮೂರನೆಯದಕ್ಕೆ ಸೆರಗು ಹಿಂದೆ ಸರಿಸಿ ಸರಿಯಾಗಿ ಚಕ್ಕಳಬಕ್ಕಳ ಹಾಕಿಕೊಂಡು ಕೂತಳು. ಈಚೆ ಅಪ್ಪನೂ ಆ ವಾರ ಮೊದಲ ಸಲ ಹೋಟೆಲಿನಲ್ಲಿ ಕೂತು ತಿಂದರು.

ಆಮೇಲೆ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಅಜ್ಜಿ ಒಮ್ಮೆ ಅಂಜಿಯ ಕಡೆ ನೋಡಿದಳು, ಒಮ್ಮೆ ಪರದೆಯ ಕಡೆ ನೋಡಿದಳು. ಮೊಣಕೈಯಿಂದ ತುಂಬಿದ ಲೋಟವನ್ನು ಮೆಲ್ಲನೆ ಉರುಳಿಸಿದಳು. ನೀರು ಪರದೆಯ ಕೆಳಗಿನಿಂದ ಹರಿದು ಅಪ್ಪನ ಕಾಲು ನೆನೆಸಿತು. ಗಂಗುಲಪ್ಪ ಬಟ್ಟೆ ಹಿಡಿದುಕೊಂಡು ಬಂದು, ಮಕ್ಕಳಿರೋ ಕಡೆ ನೀರು ಚೆಲ್ಲದೆ ಇನ್ನೇನು ಎನ್ನುತ್ತ, ಗೊಣಗದೆ ಒರೆಸಿ, ಇನ್ನೊಂದು ಲೋಟ ತುಂಬಿಟ್ಟು ಹೋದರು. ಅಜ್ಜಿ ತಲೆದೂಗಿದಳು. ಅಪ್ಪನಿಗೆ ಏನೋ ಹೇಳಿ ಕಳಿಸುತ್ತಾಳೆಂದು ನಾನು ಎದ್ದು ನಿಂತೆ. ಅವಳು ನನ್ನ ಕೈಹಿಡಿದು ಕೂರಿಸಿದಳು.

"ಅಳಿಯಂದ್ರೇ," ಎಂದಳು, ಪರದೆಯ ಕಡೆ ತಿರುಗಿ. "ಮಕ್ಕಳ್ನ ನಾನು ಕರ್ಕೊಂಡು ಹೋಗಲ್ಲ. ನಿಮ್ಮ ಹತ್ರಾನೇ ಇರ್ಲಿ. ನನ್ನ ಮಗಳು ಇದ್ದಿದ್ರೂ ಇಷ್ಟು ನೋಡಿ ನೋಡಿ ಉಣ್ಣಿಸ್ತಿರಲಿಲ್ಲ."

ಅಪ್ಪ ಮದುವೆಯಾದ ಎಂಟು ವರ್ಷಗಳಲ್ಲಿ ಅತ್ತೆಯ ದನಿ ತಮ್ಮ ಕಡೆ ಬಂದದ್ದು ಅದೇ ಮೊದಲು. ಅವರು ಪರದೆಯ ಆ ಕಡೆಯಿಂದ, ಅಜ್ಜಿಗೆ ಇನ್ನೊಂದು ದೋಸೆ ಬೇಕಾ ಕೇಳಮ್ಮ ಎಂದು ನನ್ನನ್ನು ಕರೆದರು. ನಾನು ಕೇಳುವ ಮೊದಲೇ ಉತ್ತರ ಪರದೆ ದಾಟಿ ಹೋಯಿತು, ಒಂದಲ್ಲ, ಎರಡು ಎಂದು.

ಸಯೀದಾ ತಮ್ಮ ಬಾಗಿಲಿಗೆ ಬೇರೆ ಪರದೆ ಹೊಲಿದುಕೊಂಡರು, ಹಸಿರಿನದು ಹೋಟೆಲಿನಲ್ಲೇ ಉಳಿಯಿತು. ಮಕ್ಕಳನ್ನು ಕರೆತಂದ ಹೆಂಗಸರು ಅದರ ಹಿಂದೆ ಕೂತು ತಿನ್ನುವುದು ಮುಳಬಾಗಿಲಿನಲ್ಲಿ ರೂಢಿಯಾಯಿತು. ಬಸ್ಸು ಹತ್ತಿದ ಕೂಡಲೇ ಅಜ್ಜಿ ಮಾತ್ರ ಮೊದಲಿನ ಹಾಗೇ ಆದಳು. ನಿಮ್ಮಪ್ಪನಿಗೆ ಕಿಟಕಿ ಹಾಕೋಕೆ ಹೇಳು, ಗಾಳಿ ಬರ್ತದೆ. ನಾನು ಹೇಳಿದೆ, ಅಪ್ಪ ಕಿಟಕಿ ಹಾಕಿದರು.

ಅಲ್ಲಿಂದ ಮುಂದೆ ಇಬ್ಬರೂ ನೇರವಾಗಿ ಆಡಬೇಕಾದ ಮಾತಿದ್ದರೆ ಕೋಲಾರದಲ್ಲಿ ಆಡುತ್ತಿರಲಿಲ್ಲ, ಲಕ್ಕೂರಿನಲ್ಲೂ ಆಡುತ್ತಿರಲಿಲ್ಲ. ಅಜ್ಜಿ ತನಗೆ ದೋಸೆ ತಿನ್ನುವ ಆಸೆಯಾಗಿದೆ ಎಂದು ನನ್ನ ಬಾಯಲ್ಲಿ ಹೇಳಿಸುತ್ತಿದ್ದಳು, ಎಲ್ಲರೂ ಮುಳಬಾಗಿಲಿಗೆ ಹೊರಡುತ್ತಿದ್ದೆವು. ನಲವತ್ತೆಂಟರಲ್ಲಿ ನನ್ನನ್ನು ಹೈಸ್ಕೂಲಿಗೆ ಕಳಿಸುವುದೋ ಮನೆಯಲ್ಲಿ ಕೂರಿಸುವುದೋ ಎಂದು ನೆಂಟರೆಲ್ಲ ತಲೆಗೊಂದು ಮಾತಾಡುತ್ತಿದ್ದಾಗಲೂ ಹಾಗೇ ಹೋದೆವು. ನಾನು ಪರದೆಯ ಪಕ್ಕದಲ್ಲಿ ಕೂತಿದ್ದೆ. ಅಜ್ಜಿ ನಿಧಾನವಾಗಿ ದೋಸೆ ಮುಗಿಸಿ, ಕೈ ತೊಳೆದು ಬಂದು, ಕಳಿಸಿ ಅಳಿಯಂದ್ರೇ ಎಂದಳು.