ಚಿನ್ನಪೊಣ್ಣು ಬಾಯಿ ಬಿಗಿಹಿಡಿದ ಬೇಸಿಗೆ

2006ರ ಮಾರ್ಚ್ 9, ಗುರುವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಅರಸೀಕೆರೆಯ ಒಂದು ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ಚಿನ್ನಪೊಣ್ಣು ನೀರಿನ ಮಡಕೆಯ ಮುಚ್ಚಳದ ಮೇಲೆ ಕೈಯೊತ್ತಿ ನಿಂತಿದ್ದರು. ಐದು ವರ್ಷದ ಮೊಮ್ಮಗ ಸಮ್ಯಕ್ ಅವರ ಸೆರಗು ಹಿಡಿದು "ತಣ್ಣಿ" ಎಂದ. ತಮಿಳಿನಲ್ಲಿ ಹಾಗೆಂದರೆ ನೀರು. ಅಜ್ಜಿ ಅರ್ಥವಾಗದವರಂತೆ ಗೋಡೆ ನೋಡಿದರು.

"ನೀರು ಅನ್ನು ಮಗ. ನೀರು."

ಅವನು ಇನ್ನೊಮ್ಮೆ "ತಣ್ಣಿ" ಎಂದ. ಸ್ವಲ್ಪ ಹೊತ್ತು ಕಾದು ಸೆರಗು ಬಿಟ್ಟು ಹೋದ. ಚಿನ್ನಪೊಣ್ಣು ತಡೆಯಲಾರದೆ ಲೋಟ ತುಂಬಿ ಹಿಂದೆಯೇ ಓಡಿದರು. ಅವನು ಲೋಟದತ್ತ ನೋಡಲೂ ಇಲ್ಲ.

ಸಮ್ಯಕ್‌ಗೆ ಆಟಿಸಂ ಇದೆಯೆಂದು ಹಾಸನದ ಒಬ್ಬ ಮಕ್ಕಳ ಡಾಕ್ಟರು ಫೆಬ್ರವರಿಯಲ್ಲಿ ಹೇಳಿದ್ದರು. ಮನೆಯಲ್ಲಿ ಅಪ್ಪ ಅಮ್ಮ ಕನ್ನಡ, ಅಜ್ಜಿ ತಮಿಳು ಎಂದು ತಿಳಿದ ಮೇಲೆ ಇನ್ನೊಂದು ಮಾತನ್ನೂ ಸೇರಿಸಿದ್ದರು: "ಒಂದೇ ಭಾಷೆ ಇಟ್ಕೊಳ್ಳಿ. ಎರಡಾದ್ರೆ ಮಗು ತಲೆ ಗೊಂದಲ ಆಗುತ್ತೆ, ಬರೋ ಮಾತೂ ಹೋಗುತ್ತೆ." ಅವರು ಅದನ್ನು ಹೇಳಿದ್ದು ಅಪ್ಪ ಮಧುಕುಮಾರ್‌ಗೆ. ಬಾಗಿಲ ಬಳಿ ಕೂತಿದ್ದ ಚಿನ್ನಪೊಣ್ಣುವಿಗೂ ಅದು ಕೇಳಿಸಿತು. ಮಗುವಿನ ಮಾತನ್ನು ಕಿತ್ತುಕೊಂಡದ್ದು ತನ್ನ ನಾಲಿಗೆಯೇ ಎಂದು ಅವರು ತೀರ್ಮಾನಿಸಿಕೊಂಡರು.

ಅವರು ಹುಟ್ಟಿದ್ದು ಸೇಲಂ ಕಡೆ. ಚಿಕ್ಕ ಹುಡುಗಿಯಾಗಿದ್ದಾಗಲೇ ಬಿಕ್ಕೋಡಿನ ಹತ್ತಿರದ ಕಾಫಿ ತೋಟಕ್ಕೆ ಬಂದು, ಕೂಲಿಯವರ ಸಾಲುಮನೆಯಾದ ಲೈನ್ ಮನೆಯಲ್ಲೇ ಬದುಕು ಕಳೆದಿದ್ದರು. ಗಂಡ ತೀರಿಕೊಂಡ ಮೇಲೂ ಹಣ್ಣು ಕೊಯ್ದು, ಮಗಳು ಲತಾಮಣಿಯನ್ನು ಹಾಸ್ಟೆಲಿನಲ್ಲಿಟ್ಟು ಓದಿಸಿದ್ದರು. ಲತಾಮಣಿ ಈಗ ಅರಸೀಕೆರೆಯಲ್ಲಿ ಸರ್ಕಾರಿ ಗುಮಾಸ್ತೆ. ಅವಳ ಗಂಡ, ಗಂಡಸಿ ಊರಿನ ಮಧುಕುಮಾರ್, ಹೈಸ್ಕೂಲ್ ಮೇಷ್ಟ್ರು. ಇಬ್ಬರೂ ಕೆಲಸಕ್ಕೆ ಹೋದರೆ ಮಗುವಿಗೆ ಅಜ್ಜಿಯೊಬ್ಬರೇ ದಿಕ್ಕು.

ತೋಟದಲ್ಲಿ ಕೊಯ್ಲಿನ ಹೆಂಗಸರು ಬಾಯಿ ಮುಚ್ಚಿ ಕೆಲಸ ಮಾಡುವುದಿಲ್ಲ. ಗಿಡಗಳ ನಡುವೆ ಒಬ್ಬರಿಗೊಬ್ಬರು ಕಾಣುವುದಿಲ್ಲ, ಆನೆ ಯಾವ ಕಡೆಯಿಂದ ಬಂದೀತೋ ಗೊತ್ತಾಗುವುದಿಲ್ಲ. ಆದ್ದರಿಂದ ಸಾಲಿನಿಂದ ಸಾಲಿಗೆ ಕೂಗುತ್ತಲೇ ಇರಬೇಕು. ಯಾವುದಾದರೂ ಸಾಲಿನಲ್ಲಿ ಮಾತು ನಿಂತರೆ ಉಳಿದವರ ಕೈ ನಿಲ್ಲುತ್ತದೆ, ಎಲ್ಲಿದ್ದೀಯ ಎಂಬ ಕೂಗು ಏಳುತ್ತದೆ. ಅಂಥ ಚಿನ್ನಪೊಣ್ಣು ಈಗ ತಮಿಳು ಬಿಟ್ಟರು, ಸರಿಯಾಗಿ ಬಾರದ ಕನ್ನಡದ ನಾಲ್ಕು ಮಾತಿನಲ್ಲೇ ದಿನ ನೂಕಿದರು. ತಮಿಳಿನಲ್ಲಿ ದೇವರನ್ನು ಬೇಡಿಕೊಳ್ಳುವುದಕ್ಕೂ ಮಗುವಿಗೆ ಕೇಳದಂತೆ ಹಿತ್ತಲಿಗೆ ಹೋಗುತ್ತಿದ್ದರು.

"ಏನ್ ಚಿನ್ನಮ್ಮೋರೆ, ಡಾಕ್ಟ್ರು ಮಗೀಗೆ ಮದ್ದು ಕೊಟ್ಟು ನಿಮ್ಮ ಬಾಯಿಗೆ ಬೀಗ ಹಾಕವ್ರಾ?" ಎಂದು ಪಕ್ಕದ ಮನೆಯ ದ್ರಾಕ್ಷಾಯಣಿ ಕಾಂಪೌಂಡಿನ ಆಚೆಯಿಂದ ನಕ್ಕರು.

"ಮೆಲ್ಲಗೆ ಮಾತಾಡಮ್ಮ," ಎಂದರು ಚಿನ್ನಪೊಣ್ಣು, ಒಳಗೆ ನೋಡುತ್ತ.

ಆ ಗುರುವಾರದ ನಂತರ ಸಮ್ಯಕ್ ನೀರು ಕೇಳಲೇ ಇಲ್ಲ. ಅಜ್ಜಿ ಲೋಟ ಹಿಡಿದರೆ ಮುಖ ತಿರುಗಿಸುತ್ತಿದ್ದ; ಬೆಳಿಗ್ಗೆ, ರಾತ್ರಿ ಅಮ್ಮ ಕೊಟ್ಟಷ್ಟನ್ನೇ ಕುಡಿಯುತ್ತಿದ್ದ. ಹುಣಿಸೆಬೀಜ ಸಾಲಾಗಿ ಜೋಡಿಸುತ್ತ ಹಗಲೆಲ್ಲ ಗೋಡೆಗೆ ಮುಖ ಮಾಡಿ ಕೂರುತ್ತಿದ್ದ. ಬಿಸಿಲು ಏರುತ್ತಿತ್ತು.

ಮುಂದಿನ ವಾರ ಒಂದು ಮಧ್ಯಾಹ್ನ ಅವನು ಬೀಜಗಳ ಬಳಿ ಇರಲಿಲ್ಲ. ಕೋಣೆಯ ಬಾಗಿಲ ಹಿಂದೆ ಬಿದ್ದುಕೊಂಡಿದ್ದ. ಮೈ ಕೆಂಡವಾಗಿತ್ತು, ತುಟಿ ಒಡೆದಿತ್ತು, ಕಣ್ಣು ಗುಳಿಬಿದ್ದಿತ್ತು. "ಸಮ್ಯಕ್, ನೀರು ಕುಡಿ ಮಗ" ಎಂದು ಲೋಟ ಹಿಡಿದರೆ ಬಾಯಿ ಬಿಗಿದ. ಮತ್ತೆ ಕರೆದರು. ಕಣ್ಣು ತಿರುಗಲಿಲ್ಲ. ತುಟಿಗೆ ಸುರಿದ ಗುಟುಕು ಗಲ್ಲದ ಮೇಲೆ ಇಳಿದು ನೆಲಕ್ಕೆ ಚೆಲ್ಲಿತು. ತೋಟದ ಸಾಲಿನಲ್ಲಿ ಮಾತು ನಿಂತಂತಾಗಿತ್ತು. ಅಂಥ ಹೊತ್ತಿನಲ್ಲಿ ಅವರಿಗೆ ಬರುತ್ತಿದ್ದುದು ಒಂದೇ ಕೂಗು, ಅದು ತಾನಾಗಿಯೇ ಹೊರಬಿತ್ತು.

"ಏ ಕಣ್ಣೂ! ಎಂಗ ಇರುಕ್ಕೆ?"

ಕಂದಾ, ಎಲ್ಲಿದ್ದೀಯ ಎಂದು. ಎರಡನೆಯ ಸಲ ಕೂಗಿದಾಗ ತುಟಿ ಅಲುಗಿತು.

"ತಣ್ಣಿ."

ಅವನು ಅರ್ಧ ಲೋಟ ಕುಡಿದ. ದ್ರಾಕ್ಷಾಯಣಿಯೇ ಆಟೋ ಹಿಡಿದು ನರ್ಸಿಂಗ್ ಹೋಮಿಗೆ ಕರೆದೊಯ್ದರು; ಅಲ್ಲಿಯವರು ಡ್ರಿಪ್ ಹಾಕಿದರು. ಆಫೀಸಿನಿಂದ ಓಡಿಬಂದ ಲತಾಮಣಿಯ ಕೈ ಹಿಡಿದು ಚಿನ್ನಪೊಣ್ಣು ಹೇಳಿದ್ದು ಇಷ್ಟೇ: "ತಮಿಳು ಆಡ್‌ಬಿಟ್ಟೆ ತಾಯಿ. ನನ್ನ ಬಿಕ್ಕೋಡಿಗೆ ಕಳಿಸ್ಬೇಡ."

"ಯಾರಮ್ಮ ಕಳಿಸ್ತಾರೆ?" ಎಂದಳು ಮಗಳು. ಆದರೆ ಅಳಿಯ ಹೇಳಿದ, "ಅತ್ತೆ, ಗೊತ್ತಿರೋರನ್ನ ಇನ್ನೊಮ್ಮೆ ಕೇಳೋಣ. ಅಲ್ಲೀವರೆಗೂ ಕನ್ನಡದಲ್ಲೇ ಇರಿ." ಅವನಿಗೂ ಭಯವೇ.

ಚಿನ್ನಪೊಣ್ಣು ತಲೆಯಾಡಿಸಿದರು. ಆದರೆ ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲ. ಇಬ್ಬರೂ ಕೆಲಸಕ್ಕೆ ಹೋದೊಡನೆ ಬಾಗಿಲು ಹಾಕಿ, ಮಗುವಿನ ಕಿವಿಯ ಹತ್ತಿರ ಕಳ್ಳರಂತೆ ತಮಿಳು ಮಾತಾಡಿದರು. ಹಳೆಯ ಪದಗಳು ಒಂದೊಂದಾಗಿ ಅವನ ಬಾಯಿಗೆ ಮರಳಿದವು. ಒಂದೊಂದು ಬಂದಾಗಲೂ ಅವರಿಗೆ ಸಂತೋಷಕ್ಕಿಂತ ದಿಗಿಲೇ ಹೆಚ್ಚಾಗುತ್ತಿತ್ತು: ಇದರ ಬದಲು ಒಂದು ಕನ್ನಡ ಪದ ಹೋಗಿಬಿಟ್ಟಿದ್ದರೆ?

ಏಪ್ರಿಲ್‌ನಲ್ಲಿ ಮಾತು ಕಲಿಸುವ ತರಬೇತಿ ಪಡೆದ ಬಿಂದುಶ್ರೀ ಎಂಬುವರ ಬಳಿಗೆ ಎಲ್ಲರೂ ಹೋದರು. ಹುಡುಗ ಎಷ್ಟು ಪದ ಆಡುತ್ತಾನೆ ಎಂದು ಅವರು ಕೇಳಿದರು.

"ನಾಲ್ಕು," ಎಂದ ಮಧುಕುಮಾರ್.

"ಅಜ್ಜಿ ಹತ್ರ ಎಷ್ಟು?"

"ಅವರದು ತಮಿಳು ಮೇಡಂ. ನಿಲ್ಲಿಸಿದೀವಿ."

"ಯಾಕ್ರೀ ನಿಲ್ಲಿಸಿದ್ರಿ? ಎರಡು ಭಾಷೆ ಕೇಳಿದ್ರೆ ಇಂಥ ಮಕ್ಕಳ ಮಾತು ಹಾಳಾಗುತ್ತೆ ಅನ್ನೋಕೆ ಆಧಾರ ಇಲ್ಲ. ಇವನ ನಿಧಾನ ಆಟಿಸಂನಿಂದ ಬಂದಿದ್ದು, ಅಜ್ಜಿಯಿಂದಲ್ಲ. ದಿನವಿಡೀ ಜೊತೆಗಿರೋರು ಬಾಯಿ ಮುಚ್ಚಿದ್ರೆ ಅವನು ಯಾರ ಹತ್ರ ಮಾತಾಡ್ಬೇಕು? ಎರಡೂ ಭಾಷೆಯ ಪದ ಸೇರಿಸಿ ಎಣಿಸ್ಬೇಕು." ಅವರು ಬಾಗಿಲ ಬಳಿ ಕೂತಿದ್ದ ಚಿನ್ನಪೊಣ್ಣುವಿನ ಕಡೆ ತಿರುಗಿದರು. "ನೀವು ಹೇಳಿ ಅಜ್ಜಿ."

ಚಿನ್ನಪೊಣ್ಣು ಅಳಿಯನನ್ನು ನೋಡಿದರು, ಮಗಳನ್ನು ನೋಡಿದರು. ಹೇಳಿದರೆ ಇಷ್ಟು ದಿನ ಕದ್ದು ಮಾತಾಡಿದ್ದು ಗೊತ್ತಾಗುತ್ತದೆ.

"ಹೇಳಿದ್ರೆ ಮಗೂಗೆ ಏನೂ ಆಗಲ್ವಾ ತಾಯಿ?"

"ಏನೂ ಆಗಲ್ಲ."

ಚಿನ್ನಪೊಣ್ಣು ಎರಡೂ ಭಾಷೆಯ ಪದ ಸೇರಿಸಿ, ಸೆರಗಿನೊಳಗೆ ಬೆರಳು ಮಡಿಸಿ ಎಣಿಸಿದರು. ಸಮ್ಯಕ್ ಅವರ ಇನ್ನೊಂದು ಕೈಯ ಬಳೆ ತಿರುಗಿಸುತ್ತಿದ್ದ. ಕೋಣೆಯಲ್ಲಿದ್ದ ಎಲ್ಲರಿಗೂ ಕೇಳುವಂತೆ ಚಿನ್ನಪೊಣ್ಣು ಹೇಳಿದರು:

"ನಾಲ್ಕಲ್ಲಮ್ಮ. ಹತ್ತೊಂಬತ್ತು."